ಹೊಸ್ತಿಲು ದಾಟದ ನೀರು

ಈ ಫ್ಯೋರ್ಡಿನ ಬಾಯಲ್ಲೊಂದು ಹೊಸ್ತಿಲಿದೆ,
ಹಿಮನದಿ ಹಿಂದೆ ಸರಿಯುವಾಗ ಕೈಬಿಟ್ಟುಹೋದ ಕಲ್ಲುಮಣ್ಣಿನ ದಿಬ್ಬ.
ನಕಾಶೆಯಲ್ಲಿ ಅದರ ಮೇಲೆ ಮೂವತ್ತೆರಡು ಮೀಟರು ನೀರು.
ಒಳಗೆ, ಮನೆಯ ಆಳ ಇನ್ನೂರು.

ಮೇಲಿನ ನೀರಿಗೆ ಇದರ ಗೊಡವೆಯಿಲ್ಲ,
ದಿನಕ್ಕೆರಡು ಸಲ ಬರುತ್ತದೆ, ಎರಡು ಸಲ ಹೋಗುತ್ತದೆ.
ಕೆಳಗಿನದು ಮಾತ್ರ
ಎಂಟು ವರ್ಷದ ಬಾಣಂತಿಯ ಹಾಗೆ
ಕತ್ತಲಕೋಣೆ ಬಿಟ್ಟು ಎದ್ದಿಲ್ಲ.

ಹಾಲ್ವರ್‌ಗೆ ಕಾಣುವುದು ಮೇಲಿನದು.
ಹನ್ನೆರಡು ಪಂಜರ, ಒಂದೊಂದರಲ್ಲೂ ಲಕ್ಷ ಚಿಲ್ಲರೆ ಸಾಲ್ಮನ್.
ತೆಪ್ಪದ ಕೋಣೆಯಲ್ಲಿ ಕೂತು ಗುಂಡಿ ಒತ್ತಿದರೆ
ಕೊಳವೆಯಿಂದ ಮೇವು ಆಲಿಕಲ್ಲಾಗಿ ಸಿಡಿಯುತ್ತದೆ.
"ನೋಡು, ಸೆಕೆಂಡಿಗೆ ಹದಿನೆಂಟು ಸೆಂಟಿಮೀಟರು ಹರಿವು.
ತಿಂದು ಬಿಟ್ಟದ್ದು, ತಿನ್ನದೆ ಬಿಟ್ಟದ್ದು
ಎಲ್ಲ ತೊಳೆದುಕೊಂಡು ಹೋಗುತ್ತೆ."
ಎಲ್ಲಿಗೆ ಅಂತ ನಾನು ಕೇಳಲಿಲ್ಲ.
ಅವನ ಕಾಫಿ ಕುಡಿಯುತ್ತಿದ್ದೆ.

ಕರಗಿದ್ದು ಒಂದು ದಾರಿ, ಮುಳುಗಿದ್ದು ಇನ್ನೊಂದು.
ಕಿವಿರಿನಿಂದ ಹೊರಟ ಅಮೋನಿಯಾ ತೇಲುತ್ತ
ಒಡ್ನಿಯ ಹಗ್ಗಗಳವರೆಗೆ ಹೋಗುತ್ತದೆ.
ಹರಿವು ಚುರುಕಾಗಿದ್ದ ವರ್ಷ
ಅವಳ ನೀಲಿಕಲ್ಲು ಚಿಪ್ಪುಗಳು ತುಂಬಿಕೊಂಡವು,
ಹಾಲ್ವರ್‌ಗೆ ಒಂದು ಬಕೆಟ್ಟು ಕೊಟ್ಟಳು.
ಗಾಳಿ ಸತ್ತ ಬೇಸಿಗೆಯಲ್ಲಿ ಅದೇ ಗೊಬ್ಬರ
ಕೊಲ್ಲಿಯ ಮೂಲೆಯಲ್ಲಿ ನಿಂತಲ್ಲೇ ನಿಂತು
ಹಗ್ಗದ ಮೇಲೆ, ದೋಣಿಯ ಹೊಟ್ಟೆಯ ಮೇಲೆ
ಹಸಿರು ಕೂದಲು ಬೆಳೆಸಿತು.
ಒಡ್ನಿ ಸಿಕ್ಕು ಬಿಡಿಸಿ ಬಿಡಿಸಿ ಸೋತಳು,
ಬಕೆಟ್ಟು ವಾಪಸು ಕೇಳಿದಳು.

ಮುಳುಗಿದ್ದರ ಲೆಕ್ಕ ನನ್ನದು.
ತಿಂಗಳಿಗೊಮ್ಮೆ ಸೀಸೆಗೆ ಹಗ್ಗ ಕಟ್ಟಿ ಇಳಿಸುತ್ತೇನೆ.
ಇಪ್ಪತ್ತು ಮೀಟರಿನಲ್ಲಿ ಲೀಟರಿಗೆ ಎಂಟು ಮಿಲಿಗ್ರಾಂ ಆಮ್ಲಜನಕ,
ನೂರರಲ್ಲಿ ಮೂರು,
ನೂರೆಂಬತ್ತರಲ್ಲಿ ಬರೆಯಲು ಏನೂ ಇಲ್ಲ.
ಬಿರಡೆ ತೆಗೆದರೆ ಕೊಳೆತ ಮೊಟ್ಟೆ,
ಸೋಪು ಹಾಕಿ ತೊಳೆದರೂ ರಾತ್ರಿ ತಟ್ಟೆಯವರೆಗೆ ಬರುತ್ತದೆ.

ಹೊಸ ನೀರು ಬಂದರೆ ಸರಿಹೋಗುತ್ತದೆ,
ಬರ್ಗೆನ್ನಿನಿಂದ ಕಂಪನಿಯ ಪತ್ರ.

ಬಂತು, ಫೆಬ್ರವರಿಯಲ್ಲಿ.
ಹತ್ತು ದಿನ ಬಡಗಣ ಗಾಳಿ ಬೀಸಿ
ಕರಾವಳಿಯ ಹಗುರ ನೀರನ್ನು ಆಚೆ ದಬ್ಬಿತು.
ಉಪ್ಪಿನ ಭಾರ ಹೊತ್ತ ಕಡಲು
ಬಲಗಾಲೋ ಎಡಗಾಲೋ ನೋಡದೆ ಹೊಸ್ತಿಲು ದಾಟಿ
ಇಳಿಜಾರು ಹಿಡಿದು ತಳಕ್ಕೆ ಜಾರಿತು.
ಎಂಟು ವರ್ಷ ಕೂತದ್ದು ಎದ್ದಿತು.
ಏಳಲು ದಾರಿ ಒಂದೇ, ಮೇಲಕ್ಕೆ,
ಬಲೆಗಳ ಒಳಕ್ಕೆ.

ಬೆಳಗಿನ ಜಾವ ಮೂರಕ್ಕೆ ಹಾಲ್ವರ್ ಫೋನು.
ಹರಿವಿನ ಅಂಕಿ ಹೇಳಲಿಲ್ಲ, ಬಾ ಎಂದ.
ಹಿಮ ಬೀಳುತ್ತಿತ್ತು ತೆರೆದ ಬಾಯಿಗಳ ಮೇಲೆ,
ಅಷ್ಟು ಬಾಯಿ, ಒಂದೂ ಸದ್ದಿಲ್ಲ.
ಗಾಳಿಯ ಪಂಪು ಹಾಕಿದೆವು. ಏಳು ಪಂಜರ ಉಳಿದವು.
ಬೆಳಕಾದಾಗ ಒಡ್ನಿ ಹುಟ್ಟು ಹಾಕುತ್ತ ಬಂದಳು,
ಅದೇ ಬಕೆಟ್ಟು. ಮಾತಾಡದೆ
ಸತ್ತವನ್ನು ಮೊಗೆಯತೊಡಗಿದಳು.

ಮಾರ್ಚಿನಲ್ಲಿ ನೂರೆಂಬತ್ತರಿಂದ ಬಂದ ಸೀಸೆ
ತಣ್ಣಗೆ, ತಿಳಿಯಾಗಿ, ವಾಸನೆಯೇ ಇಲ್ಲದೆ. ಏಳು ಮಿಲಿಗ್ರಾಂ.
ಕಂಪನಿ ಇನ್ನೆರಡು ಪಂಜರಕ್ಕೆ ಅರ್ಜಿ ಬರೆದಿದೆಯಂತೆ.
"ಈ ನೀರು ಎಷ್ಟು ವರ್ಷ ಕೂರುತ್ತೆ?" ಹಾಲ್ವರ್ ಕೇಳಿದ,
ಪರದೆಯ ಕಡೆ ನೋಡದೆ.
ನನಗೆ ಗೊತ್ತಿರಲಿಲ್ಲ.
ಒದ್ದೆ ಹಗ್ಗವನ್ನು ಮೊಳಕೈಗೆ ಸುತ್ತುತ್ತ ಕೂತೆ,
ಸುತ್ತಿದಷ್ಟೂ ಇತ್ತು.