ಹನ್ನೊಂದೂ ಹತ್ತರ ಚೀಟಿ

ಆಗಸ್ಟಿನ ಕೊನೇ ವಾರ. ಡುಲೂತ್‌ನ ಶಾಲೆಯಲ್ಲಿ
ಮಕ್ಕಳಿಲ್ಲ; ನೆಲಕ್ಕೆ ಹೊಸದಾಗಿ ಬಳಿದ ಮೇಣದ ವಾಸನೆ.
ಬೋರ್ಡಿನೆದುರು ಕ್ವಿಸ್ಟ್, ಬರಿಗಾಲು,
ತುಟಿ ನಡುವೆ ನಾಲ್ಕು ಗುಂಡುಸೂಜಿ.
"ಥೆಲ್ಮಾ," ಅಂತಾಳೆ ಸೂಜಿಗಳ ಸಂದಿಯಿಂದ,
"ಹಸಿರು ಕೊಡು."

ಹಸಿರು ಗಣಿತ. ನೀಲಿ ನಡಿಗೆ. ಕೆಂಪು ಸಂಗೀತ.
ಹಳದಿ ಅಂದರೆ ಮಾತು ಕಲಿಸುವ ಓಸ್ಟ್ರಾಂಡರ್,
ಮೂರು ಶಾಲೆಗೆ ಒಬ್ಬನೇ ಮನುಷ್ಯ.
ನಮ್ಮ ಪಾಲಿಗೆ ಮಂಗಳವಾರ, ಗುರುವಾರ,
ಹನ್ನೊಂದೂ ಹತ್ತರಿಂದ ಹನ್ನೊಂದೂ ನಲವತ್ತು.
ಅದು ಶಿಲಾಶಾಸನ. ಅದರ ಸುತ್ತ ಊರು ಕಟ್ಟಬೇಕು.

ಮೊದಲು ಬಸ್ಸು.
ಬೇರೆಯವರ ದಿನ ಎಂಟಕ್ಕೆ ಶುರು, ಎರಡೂವರೆಗೆ ಮುಗಿತು.
ನಮ್ಮ ಲಿಫ್ಟಿನ ಬಸ್ಸು ಬರೋದು ಎಂಟೂಕಾಲಿಗೆ,
ಹೊರಡೋದು ಎರಡೂಕಾಲಿಗೆ.
ತಲೆಯ ಕಡೆ ಹದಿನೈದು, ಬಾಲದ ಕಡೆ ಹದಿನೈದು.
ವರ್ಷದ ಲೆಕ್ಕ ಕೂಡಿ ಕ್ವಿಸ್ಟ್ ಒಮ್ಮೆ ಸಭೆಯಲ್ಲಿ ಓದಿದಳು.
ಯಾರೋ ಎದ್ದು ಹೊಸ ಕಾಫಿಗೆ ನೀರಿಟ್ಟರು.

ಗಂಟೆ ಬಡಿದರೆ ಇಫ್ರಾಹ್ ಕಿವಿ ಮುಚ್ಚಿ ಕೂತುಬಿಡ್ತಾಳೆ.
ಅವಳನ್ನು ಎರಡು ನಿಮಿಷ ಮುಂಚೆ ಹೊರಡಿಸಬೇಕು,
ಕಾರಿಡಾರು ಇನ್ನೂ ಖಾಲಿ ಇರುವಾಗ.
ನಲವತ್ತು ನಿಮಿಷಕ್ಕೊಮ್ಮೆ ನೆಂಗ್ ನಡೆಯಬೇಕು,
ಇಲ್ಲದಿದ್ದರೆ ಅವನ ಮೇಜೇ ನಡೆಯುತ್ತೆ.
ಹತ್ತೂ ನಲವತ್ತಕ್ಕೆ ಆರ್ಲೋಗೆ ಹೊಟ್ಟೆಯ ನಳಿಕೆಯಲ್ಲಿ ಊಟ,
ಆಮೇಲೆ ಅರ್ಧ ಗಂಟೆ ಮಲಗಿಸುವಂತಿಲ್ಲ.
ನನ್ನ ಊಟಕ್ಕೆ ಬಣ್ಣವಿಲ್ಲ. ನಾನೂ ಕೇಳಿಲ್ಲ.
ನೆಂಗ್ ನಡೆಯುವಾಗ ಜೇಬಿನ ಬಾದಾಮಿ, ಅವನಿಗೆ ಒಂದು, ನನಗೆ ಒಂದು.

ಸಂಜೆ ಐದಕ್ಕೆ ಒಂದೇ ಚೀಟಿ ಉಳಿಯಿತು.
ಏಳನೇ ಕ್ಲಾಸಿನ ಸಂಗೀತವೂ ಹನ್ನೊಂದೂ ಹತ್ತಕ್ಕೇ.

ಹೋದ ಮಾರ್ಚಿನಲ್ಲಿ ದೊಡ್ಡ ಡ್ರಮ್ಮಿಗೆ ಕೆನ್ನೆ ಒತ್ತಿ
ಆರ್ಲೋ ಒಂದು ಸದ್ದು ಮಾಡಿದ್ದ. ಮಾತಲ್ಲ.
ತಳದಿಂದ ಬಂದದ್ದು, ಹಡಗಿನ ಕೂಗಿನ ಹಾಗೆ.
ಉಳಿದ ಇಪ್ಪತ್ತಾರು ಮಕ್ಕಳು, ಯಾರೂ ಹೇಳದೆ,
ಬಡಿತ ನಿಧಾನಿಸಿದರು.
ಅದನ್ನು ಯಾವ ಕಾಲಮ್ಮಿನಲ್ಲಿ ತುಂಬೋದು?
ಕಾಗದದಲ್ಲಿರೋದು ಇಷ್ಟೇ: ಮಾತು, ವಾರಕ್ಕೆ ಅರವತ್ತು ನಿಮಿಷ.
ಕೆಳಗೆ ಅವನ ಅಮ್ಮನ ಸಹಿ, ಪೆನ್ನು ಅರ್ಧದಲ್ಲಿ ಒಣಗಿದ್ದು.

ನರ್ಸನ್ನು ಸರಿಸಿದೆವು, ಗಣಿತ ಉದುರಿತು.
ಗಣಿತ ಎತ್ತಿದೆವು, ನೆಂಗ್‌ನ ನಡಿಗೆ ಉದುರಿತು.
ಗಿಡ್ಡ ಕಂಬಳಿ; ತಲೆಗೆಳೆದರೆ ಕಾಲು ಬೆತ್ತಲೆ.
"ಮನೆಗೆ ಹೋಗು," ಅಂದಳು ಕ್ವಿಸ್ಟ್, ಚಪ್ಪಲಿ ಹುಡುಕುತ್ತಾ.

ಅವಳು ಹೋದ ಮೇಲೆ ನಾನು
ಹಳದಿಯನ್ನು ಕೆಂಪಿನ ಮೇಲೇ ಇಟ್ಟು ಒಂದೇ ಸೂಜಿ ಚುಚ್ಚಿದೆ.
ದೀಪ ಆರಿಸಿದೆ.

ಮರುದಿನ ಅವಳು ಏನೂ ಹೇಳಲಿಲ್ಲ. ಫೋನ್ ಎತ್ತಿದಳು.
ಓಸ್ಟ್ರಾಂಡರ್‌ನ ದನಿ ನನಗೂ ಕೇಳಿಸಿತು:
"ಡ್ರಮ್ಮಿನ ಪಕ್ಕ ಕೂತು ಪಾಠವೇ? ನನಗೆ ತಾಳ ಬರಲ್ಲ."
"ಅವನು ಕಲಿಸ್ತಾನೆ," ಅಂದಳು.
ಆ ಕಡೆ ತುಂಬಾ ಹೊತ್ತು ಉಸಿರು.
"ಒಂದು ತಿಂಗಳು ನೋಡೋಣ."

ಸೆಪ್ಟೆಂಬರಿನ ಮೊದಲ ಮಂಗಳವಾರ.
ಚೀಟಿಗಳೆಲ್ಲ ಅವವುಗಳ ಜಾಗದಲ್ಲಿ.
ಬಸ್ಸು ನಲವತ್ತು ನಿಮಿಷ ತಡ.
ನಾನು ಬಾಗಿಲಲ್ಲಿ ನಿಂತಿದ್ದೇನೆ,
ಜೇಬಿನಲ್ಲಿ ಬಾದಾಮಿ ಎಣಿಸುತ್ತಾ.