ಮಂಡಕ್ಕಿ ಕಾಳಿನ ಹೆಸರು

ದಾವಣಗೆರೆ, ಭಟ್ಟಿ ಕಡೆಯ ಶಾಲೆ, ಎರಡನೇ ತರಗತಿ.
ಗೋಡೆಗೆ ಹೊಸ ಚಾರ್ಟು: ವೃತ್ತ, ಚೌಕ, ಆಯತ, ತ್ರಿಕೋನ.
ಎಲ್ಲವೂ ಇಸ್ತ್ರಿ ಹಾಕಿದ ಹಾಗೆ ಚಪ್ಪಟೆ.

ವೃತ್ತ ಎಲ್ಲಿ ನೋಡಿದ್ದೀರಿ, ಅಂದೆ.
"ಕಾವಲಿ ಮೇಲೆ," ಅಂದ ಹಾಲೇಶ.
ಅವನಪ್ಪ ದೋಸೆ ಹೊಯ್ಯುವವನು.
"ಬೆಣ್ಣೆ ಹಾಕೋಕೆ ಮುಂಚೆ ವೃತ್ತ, ಮಿಸ್,
ಮಡಚಿದ ಮೇಲೆ ಅರ್ಧ."
ತಿಂದ ಮೇಲೆ? ಯಾರೋ ಕೇಳಿ
ಇಡೀ ಬೆಂಚು ನಕ್ಕಿತು.

ಇವಕ್ಕೆ ಉದ್ದ ಇದೆ, ಅಗಲ ಇದೆ,
ಇನ್ನು ಕೆಲವಕ್ಕೆ ಹೊಟ್ಟೆಯೂ ಇದೆ, ಅಂದೆ.
ಘನಾಕೃತಿ ಅನ್ನುವ ಮಾತು
ಅವರ ಬಾಯಲ್ಲಿ ಬಿಸಿ ಮಿರ್ಚಿಯಂತೆ ಹೊರಳಿತು.

ಮುಬೀನಾ ಎದ್ದಳು. ಭಟ್ಟಿ ಓಣಿಯ ಹುಡುಗಿ,
ಹುಬ್ಬಿನ ಮೇಲೆ ಇನ್ನೂ ಭತ್ತದ ಹೊಟ್ಟಿನ ಬೂದಿ.
ನೋಟ್‌ಬುಕ್ಕಿನ ಒಂದು ಹಾಳೆ ಕಿತ್ತು
ಕೈಗೆ ಸುತ್ತಿದಳು, ತುದಿ ಮಡಚಿದಳು.
ಆಯತ ಹೋಗಿ ಶಂಕು. ಪೊಟ್ಟಣ.
"ಈಗ ಇದಕ್ಕೆ ಹೊಟ್ಟೆ ಬಂತು, ಮಿಸ್.
ಹತ್ತು ರೂಪಾಯಿದು ಹಿಡಿಸುತ್ತೆ."

ನನ್ನ ನಾಲ್ಕು ದಿನದ ಪಾಠ
ಅವಳ ಬೆರಳಲ್ಲಿ ಮುಗಿದಿತ್ತು.

ಆಮೇಲೆ ಲಂಗದ ಜೇಬಿಂದ ಒಂದೇ ಒಂದು ಕಾಳು
ತೆಗೆದು ನನ್ನ ಮೇಜಿನ ಮೇಲಿಟ್ಟಳು.
"ಅಕ್ಕಿಯಾಗಿದ್ದಾಗ ತೆಳ್ಳಗಿತ್ತು,
ಕಾದ ಮರಳಿಗೆ ಬಿದ್ದು ಉಬ್ಬಿತು.
ಇದರ ಹೆಸರೇನು?"

ಗೋಳ ಅನ್ನಲಾರೆ. ಸಿಲಿಂಡರು ಅನ್ನಲಾರೆ.
ಚಾರ್ಟು ನೋಡಿದೆ; ಚಾರ್ಟು ನನ್ನ ನೋಡಿತು.
ಕಿಟಕಿಯಾಚೆ ಭಟ್ಟಿಯ ಹೊಗೆ,
ಅದಕ್ಕೂ ಅಂಚಿಲ್ಲ, ಮೂಲೆಯಿಲ್ಲ.

ನಾಳೆ ಹೇಳ್ತೀನಿ, ಅಂದೆ.
ಅಷ್ಟರಲ್ಲಿ ಹಾಲೇಶ ಅದನ್ನು ತಿಂದಿದ್ದ.