ಹಾಜರಿ

ಸೊಹಾರ್, ಫಲಜ್ ಅಲ್ ಕಬಾಯಿಲ್. ಬೆಳಗಿನ ನಾಲ್ಕೂವರೆ.
ಕ್ಯಾಂಪಿನ ಗೇಟಿನಲ್ಲಿ ಬಸ್ಸು ಆಗಲೇ ಗುರುಗುಡುತ್ತಿದೆ.
ನಾನು ಟೈಂಕೀಪರ್. ಹಲಗೆಗೆ ಸಿಕ್ಕಿಸಿದ ಕಾಗದಕ್ಕೆ
ಬೆವರು ತೊಟ್ಟಿಕ್ಕದಂತೆ ಮೊಣಕೈ ಎತ್ತಿ ಹಿಡಿದು
ಒಂದು ದಂಡನ್ನೇ ಕೂಗಿ ಕರೆಯುತ್ತೇನೆ.

ದಳವಾಯಿ!
ಬಂದೇರಿ, ಎನ್ನುತ್ತಾನೆ ಶಂಕ್ರೆಪ್ಪ, ಇಪ್ಪತ್ತೆರಡರ ಹುಡುಗ,
ಹೆಲ್ಪರ್‌ಗಳಲ್ಲೇ ಕಿರಿಯ; ಅವನ ಮಾತನ್ನು
ಕ್ಯಾಂಪಿನ ಬೆಕ್ಕೂ ಕೇಳುವುದಿಲ್ಲ.
ಕಿಲ್ಲೇದಾರ! ವೆಂಕೋಬ, ಸ್ಟೋರಿನ ಬೀಗದ ಕೈ ಸೊಂಟದಲ್ಲಿ,
ಒಳಗೆ ಕೈಗವಸು, ನಟ್ಟು ಬೋಲ್ಟು, ಎರಡು ಡಬ್ಬ ಗ್ರೀಸು.
ಗೋಲಂದಾಜ! ತೋಪಿಗೆ ಗುಂಡು ತುಂಬುತ್ತಿದ್ದವರ ಕುಲ.
ಖಾಜಾ ಮೆಸ್ಸಿನಲ್ಲಿ ಎರಡು ಗಂಟೆಗೇ ಎದ್ದು
ಮುನ್ನೂರು ಹಿಟ್ಟಿನ ಉಂಡೆ ಉರುಳಿಸಿ ಬಂದಿದ್ದಾನೆ,
ಹುಬ್ಬಿನ ಮೇಲೆ ಇನ್ನೂ ಬಿಳಿ.
ನಿಶಾನದಾರ! ಮೌಲಾಸಾಬ ಬಾಯಿ ಬಿಡುವುದಿಲ್ಲ,
ಕೈಯಲ್ಲಿನ ಕೆಂಪು ಬಾವುಟ ಎತ್ತುತ್ತಾನೆ.
ರಸ್ತೆ ಅಗೆಯುವಲ್ಲಿ ಅವನದನ್ನು ಬೀಸಿದರೆ
ಲಾರಿಗಳು ನಿಲ್ಲುತ್ತವೆ. ಒಬ್ಬನಿಗಾದರೂ
ಹೆಸರು ಹೊಂದಿತಲ್ಲ.

ದಸ್ತಗೀರ ಬಾರಗೀರನದು ಬೇರೆ ಕತೆ.
ಸ್ವಂತ ಕುದುರೆ ಇದ್ದವನು ಸಿಲೇದಾರ,
ದೊರೆಯ ಕುದುರೆ ಹತ್ತಿದವನು ಬಾರಗೀರ,
ಕುದುರೆ ಕುಂಟಿದರೂ ಜವಾಬು ಕೊಡಬೇಕಾದವನು.
ಇವನು ಓಡಿಸುವುದು ಕಂಪನಿಯ ನೀರಿನ ಟ್ಯಾಂಕರು.
ಕನ್ನಡಿ ಒಡೆದದ್ದಕ್ಕೆ ಹೋದ ತಿಂಗಳು
ಸಂಬಳದಲ್ಲಿ ಹನ್ನೆರಡು ರಿಯಾಲು ಹಿಡಿದರು.
ಪದ ಸವೆದಿಲ್ಲ ನೋಡಿ, ಲಾಳ ಮಾತ್ರ ಟೈರಾಯಿತು.

ಒಂದು ಪದ ಹಳಗನ್ನಡದ್ದು, ಶಿರಾ ಹೈಸ್ಕೂಲಿನ ಮೇಷ್ಟ್ರು
ವೀರಗಲ್ಲಿನ ಮುಂದೆ ನಿಲ್ಲಿಸಿ ಹೇಳಿದ್ದು: ವೇಳೆವಾಳಿ.
ಒಡೆಯ ಸತ್ತ ದಿನ ತಾನೂ ಸಾಯುವೆನೆಂದು ಆಣೆಯಿಟ್ಟವನು.
ನಾನು ವೇಳೆ ಮಾತ್ರ ಬರೆಯುವವನು.
ಒಡೆಯನ ರುಜು ಕಂಡಿದ್ದೇನೆ, ಮುಖ ಕಂಡಿಲ್ಲ.

ಗೇಟಿನ ಕುರ್ಚಿಯಲ್ಲಿ ದಾದ್ ಕರೀಂ, ಬಲೂಚಿ.
ಸುಲ್ತಾನರ ಸೈನ್ಯದಲ್ಲಿ ಇಪ್ಪತ್ತು ವರ್ಷ ಕಳೆದವನು,
ಅಲ್ಲಿಇಲ್ಲಿ ಕಲಿತ ಹಿಂದಿಯಲ್ಲಿ ನನಗೆ ಪಾಠ ಹೇಳುತ್ತಾನೆ:
ಅಸ್ಕರಿ ಅಂದರೆ ಯಾವ ಸಿಪಾಯಿಯೂ ಆದೀತು,
ಜುಂದಿ ಅಂದರೆ ಹೆಗಲ ಮೇಲೆ ಏನೂ ಇಲ್ಲದವನು.
ನನಗೂ ಒಂದು ಪಟ್ಟಿ ಬಂದಿತ್ತು,
ಜಗಳವಾಡಿ ಕಳೆದುಕೊಂಡೆ, ಎಂದು ನಗುತ್ತಾನೆ.

ಒಂದು ರಾತ್ರಿ ಕೇಳಿದ, ನಿನ್ನ ಅಪ್ಪ ಏನಾಗಿದ್ದರು?
ಜವಾನ, ಎಂದೆ.
ದಾದ್ ಕರೀಂ ಕುರ್ಚಿಯಿಂದ ಎದ್ದ.
ಬೆನ್ನು ನೆಟ್ಟಗಾಯಿತು, ಕೈ ಹಣೆಗೆ ಹೋಯಿತು.

ತಿದ್ದಬೇಕಿತ್ತು ನಾನು. ನಮ್ಮಲ್ಲಿ ಜವಾನ ಎಂದರೆ
ಅಮಲ್ದಾರರ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತು
ಗಂಟೆ ಒತ್ತಿದರೆ ಏಳುವವನು,
ಫೈಲು ಹೊರುವವನು, ಕಾಫಿ ತರುವವನು.
ಮೂವತ್ತೊಂದು ವರ್ಷ ಅಪ್ಪ ಮಾಡಿದ್ದು ಅಷ್ಟೇ.
ಅಮಲ್ದಾರ ಎಂಬುದಕ್ಕೆ ಅರಬ್ಬಿಯ ಬೇರು;
ನನ್ನ ವೀಸಾದಲ್ಲಿರುವುದೂ ಅದೇ ಬೇರಿನ ಚಿಗುರು, ಆಮಿಲ್,
ಕೆಲಸದಾಳು. ಕಡಲು ದಾಟುವಾಗ
ಪದ ತನ್ನ ಮೇಜು ಕುರ್ಚಿ ಅಲ್ಲೇ ಬಿಟ್ಟುಬಂದಿದೆ.

ತಿದ್ದಲಿಲ್ಲ.
ಯುದ್ಧ ನೋಡಿದ್ದರಾ? ಎಂದ.
ಎಲೆಕ್ಷನ್ ಪೆಟ್ಟಿಗೆ ತಲೆಯ ಮೇಲೆ ಹೊತ್ತು
ಅಪ್ಪ ಕೆರೆ ಏರಿ ದಾಟಿದ ಇರುಳು ನೆನಪಾಯಿತು.
ಆರೇಳು, ಎಂದೆ.
ಗಾಯ?
ಬಲಗೈ ಹೆಬ್ಬೆರಳು ಸುಟ್ಟಿತ್ತು. ಇದು ನಿಜ.
ಅರಗು ಕರಗಿಸಿ ಮೊಹರು ಒತ್ತುವಾಗ, ಪ್ರತಿ ಸಲ ಅದೇ ಜಾಗ.
ಯಾತರಿಂದ ಎಂದು ಅವನು ಕೇಳಲಿಲ್ಲ.
ಸಿಪಾಯಿಗಳು ಅದನ್ನು ಕೇಳುವುದಿಲ್ಲವಂತೆ.

ಬಸ್ಸಿನ ಹಾರ್ನು. ದಳವಾಯಿ ಓಡಿಬರುತ್ತಾನೆ,
ಬೂಟಿನ ಲೇಸು ಕಟ್ಟಿಲ್ಲ.
ಎಲ್ಲರೂ ಹತ್ತಿದ ಮೇಲೆ ಪಟ್ಟಿಯ ತುದಿಯಲ್ಲಿ
ನನ್ನ ಹೆಸರಿನೆದುರೂ ಒಂದು ಗೀಟು ಎಳೆಯುತ್ತೇನೆ.
ಜವಾನನ ಮಗ, ಎನ್ನುತ್ತಾನೆ ದಾದ್ ಕರೀಂ, ಈಗೀಗ ದಿನಾ.
ಆ ಪದ ಫಾರಸಿಯದು, ಮೊದಲು ಅದಕ್ಕಿದ್ದ ಅರ್ಥ
ಹರೆಯದವನು ಅಂತಷ್ಟೇ, ಗೊತ್ತಾ? ಎಂದ ನಿನ್ನೆ.
ಅಪ್ಪನನ್ನು ಯಾರೂ ಹಾಗೆ ಕರೆದ ನೆನಪಿಲ್ಲ.